ಕೊರಮೀನಿನ ಮಡಿಲು

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳೆಂದರೆ ತಾಯಿಯ ತಲೆಯಲ್ಲಿ ಓಡುವುದು ಒಂದೇ ಯೋಚನೆ. ಬೆಳಗ್ಗೆ ಏನು ತಿನ್ನಿಸಲಿ, ಮಧ್ಯಾಹ್ನ ಏನು ಬಡಿಸಲಿ, ಸಂಜೆ ಬಾಯಾಡಿಸಲು ಏನು ಕೊಡಲಿ? ಅಕ್ಕಪಕ್ಕದವರೂ ಸುಮ್ಮನಿರುವುದಿಲ್ಲ. ಒಬ್ಬರು ಬಂದು ಪಪ್ಪಾಯಿ ಮುಟ್ಟಿಸಬೇಡ ಎನ್ನುತ್ತಾರೆ, ಇನ್ನೊಬ್ಬರು ಕೇಸರಿ ಹಾಲು ಕುಡಿಸು ಎನ್ನುತ್ತಾರೆ, ಮೂರನೆಯವರು ಬಂದು ಆ ಇಬ್ಬರಿಗೂ ಏನೂ ಗೊತ್ತಿಲ್ಲ ಎನ್ನುತ್ತಾರೆ. ಸಪ್ಪಲಮ್ಮ ಮಾತ್ರ ಯಾರನ್ನೂ ಕೇಳಲು ಹೋಗಲಿಲ್ಲ. ಅವಳಿಗೆ ಉತ್ತರ ಗೊತ್ತಿತ್ತು. ಕೊರಮೀನಿನ ಸಾರು.

ಹೊಸಕೋಟೆ ತಾಲ್ಲೂಕು, ಸಮೇತನಹಳ್ಳಿ ಕಡೆಯ ಒಂದು ಊರು ಅದು. ಊರಿನ ಹೆಸರು ಬೇಡ ಬಿಡಿ. ಹೇಳಿದರೆ ನಾಳೆಯೇ ಯಾರಾದರೂ ಡಬ್ಬಿ ಹಿಡಿದುಕೊಂಡು ಸಪ್ಪಲಮ್ಮನ ಬಾಗಿಲಲ್ಲಿ ನಿಲ್ಲುತ್ತಾರೆ. ಮೀನು ಸಾರು ಮಾಡುವುದರಲ್ಲಿ ಅವಳದು ಅಂಥ ಕೈ. ಮೀನನ್ನು ಬೂದಿ ಹಾಕಿ ಕಲ್ಲಿನ ಮೇಲೆ ಉಜ್ಜಿ, ಉಪ್ಪು ಹುಣಸೆಹಣ್ಣಿನಲ್ಲಿ ಮೂರು ಸಲ ತೊಳೆದು, ಮೆಣಸು ಬೆಳ್ಳುಳ್ಳಿ ಅರೆದು ಹಾಕಿ ಕುದಿಸಿದಳೆಂದರೆ ಬೀದಿಯ ಆ ಕೊನೆಯವರೆಗೂ ಸುದ್ದಿ ಮುಟ್ಟುತ್ತಿತ್ತು.

ಕೊರಮೀನಿನ ಮೇಲೆ ಅವಳಿಗೆ ಇದ್ದ ನಂಬಿಕೆಗೆ ಕಾರಣವೂ ಇತ್ತು. ಆ ಊರಿಗೆ ಒಂದು ದೊಡ್ಡ ಕೆರೆ. ಮಳೆಗಾಲದಲ್ಲಿ ಹೊಳೆ ಹರಿದರೆ ಕಾಲುವೆಯಲ್ಲಿ ನೀರು ಬಂದು ಕೆರೆ ತುಂಬುತ್ತದೆ, ನೀರಿನ ಜೊತೆ ಹೊಳೆಮೀನೂ ಬರುತ್ತದೆ. ಯುಗಾದಿ ಕಳೆದು ನೀರು ಮೊಣಕಾಲಿಗೆ ಇಳಿದಾಗ ಒಂದು ದಿನ ಗೊತ್ತು ಮಾಡಿ ಇಡೀ ಊರು ಕೆರೆಗೆ ಇಳಿಯುತ್ತದೆ. ಅದಕ್ಕೆ ಕೆರೆ ಬೇಟೆ ಎನ್ನುತ್ತಾರೆ. ಆ ದಿನ ಹಿಡಿದ ಮೀನು ಹಿಡಿದವರಿಗೇ ಸೇರಿದ್ದು, ಒಂದನ್ನು ಬಿಟ್ಟು. ಎಲ್ಲಕ್ಕಿಂತ ದೊಡ್ಡ ಕೊರಮೀನು ಮಾತ್ರ ಯಾರ ಬಲೆಗೆ ಬಿದ್ದರೂ ಅವರದಲ್ಲ. ಅದನ್ನು ಬಿದಿರಿನ ಮಂಕರಿಯಲ್ಲಿ ಬಾಳೆಲೆ ಹಾಸಿ ಮಲಗಿಸಿ, ಊರಿನಲ್ಲಿ ದಿನ ತುಂಬುತ್ತಿರುವ ಬಸುರಿ ಯಾರ ಮನೆಯಲ್ಲಿದ್ದಾಳೋ ಆ ಮನೆಗೆ ಕೊಡಬೇಕು. ಮೀನು ದೊಡ್ಡದಾದಷ್ಟೂ ಮಗುವಿಗೆ ಬಲ ಎಂದು ಹಿರಿಯರ ಲೆಕ್ಕ.

ಸಪ್ಪಲಮ್ಮನ ಮಗ ಅಶೋಕ್ ಹೊಟ್ಟೆಯಲ್ಲಿದ್ದ ವರ್ಷ ಕೆರೆ ಒಣಗಿ ಬೇಟೆಯೇ ನಡೆಯಲಿಲ್ಲ. ಅಶೋಕ್ ಎರಡು ಕೆಜಿಯೂ ಇಲ್ಲದೆ ಹುಟ್ಟಿದ. ಮೂರು ತಿಂಗಳು ಎದೆಗೆ ಕಟ್ಟಿಕೊಂಡೇ ಅವನನ್ನು ಉಳಿಸಿಕೊಂಡಳು. ಮುಂದೆ ಮೋನಿಷಾ ಹೊಟ್ಟೆಯಲ್ಲಿದ್ದಾಗ ಕೆರೆ ತುಂಬಿತ್ತು, ಮಂಕರಿ ಮನೆಗೆ ಬಂತು, ಮೋನಿಷಾ ಗುಂಡುಗುಂಡಾಗಿ ಹುಟ್ಟಿದಳು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಈಗ ಅದೇ ಮೋನಿಷಾ ಏಳು ತಿಂಗಳ ಬಸುರಿಯಾಗಿ, ಸೀಮಂತ ಮುಗಿಸಿಕೊಂಡು ಮನೆಗೆ ಬಂದಿದ್ದಳು. ಈ ಸಲದ ಬೇಟೆಯ ಮೀನು ತಮ್ಮ ಮನೆಗೇ ಎಂದು ಸಪ್ಪಲಮ್ಮ ಆಗಲೇ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಅಲ್ಲಿಯತನಕ ಕಾಯಲೂ ಅವಳಿಗೆ ತಾಳ್ಮೆ ಇರಲಿಲ್ಲ. ಗಂಡ ಮುನಿಶಾಮಪ್ಪನ ಬೆನ್ನು ಬಿದ್ದು, ವಾರಕ್ಕೆ ಎರಡು ದಿನ ಗಾಳ ಹಾಕಿಸಿ ಕೊರಮೀನು ತರಿಸುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಆಶಾ ಕಾರ್ಯಕರ್ತೆ ಮುನಿರತ್ನಮ್ಮ ತಾಯಿ ಕಾರ್ಡು ನೋಡಲು ಬಂದಳು. ಸಪ್ಪಲಮ್ಮ ಮತ್ತು ಮುನಿರತ್ನಮ್ಮ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರಿಗೆ ಗೊತ್ತು.

"ಸಪ್ಪಲಕ್ಕ, ಏನಿವತ್ತು ಸಾರು?"

"ಮೂಗಿಲ್ವಾ ನಿಂಗೆ? ಕೊರಮೀನು ಕಣೆ. ಕೂತ್ಕೊ, ಮುದ್ದೆ ಇಕ್ತೀನಿ."

"ಮೊನ್ನೆ ಬಂದಾಗ್ಲೂ ಕೊರಮೀನೇ ಇತ್ತಲ್ಲ. ವಾರಕ್ಕೆ ಎಷ್ಟ್ ದಿನ ಮಾಡ್ತೀಯ?"

"ಎರಡು ದಿನ. ಸಿಕ್ಕಿದ್ರೆ ಮೂರು. ತಲೆ ಭಾಗ ಪೂರ್ತಿ ಮೋನಿಷಾಗೇ. ನಿಮ್ ಮಾತ್ರೆಗಿಂತ ಚೆನ್ನಾಗಿ ಕೆಲ್ಸ ಮಾಡ್ತದೆ ನೋಡು, ಮುಖ ಹೆಂಗ್ ಹೊಳೀತೈತೆ!"

ಮುನಿರತ್ನಮ್ಮ ಪೆನ್ನು ಮುಚ್ಚಿ ಚೀಲದೊಳಗೆ ಹಾಕಿದಳು. ಮೋನಿಷಾ ಒಳಗೆ ಮಲಗಿದ್ದಾಳೆಯೇ ಎಂದು ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಅಕ್ಕ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಸಂಕ್ರಾಂತಿ ಹೊತ್ಗೆ ಮೀನುಗಾರಿಕೆ ಓದೋ ಹುಡ್ಗೀರು ಬಂದು ಐಸ್ ಡಬ್ಬದಲ್ಲಿ ನಮ್ ಕೆರೆ ಮೀನು ತಗೊಂಡ್ ಹೋಗಿದ್ರಲ್ಲ, ನೆನಪೈತಾ? ಅದ್ರ ರಿಪೋರ್ಟ್ ಬಂದೈತೆ. ನಿನ್ನೆ ಆಸ್ಪತ್ರೇಲಿ ಡಾಕ್ಟ್ರಮ್ಮ ನಮ್ಮನ್ನೆಲ್ಲಾ ಕೂರಿಸ್ಕೊಂಡು ಬಿಡಿಸಿ ಹೇಳಿದ್ರು. ಸಣ್ಣ ಮೀನಲ್ಲಿ ತೊಂದ್ರೆ ಇಲ್ಲ. ದೊಡ್ಡ ಕೊರಮೀನಲ್ಲಿ ಪಾದರಸ ಇರಬೇಕಾದ್ದಕ್ಕಿಂತ ಜಾಸ್ತಿ ಐತಂತೆ."

"ಪಾದರಸ ಅಂದ್ರೆ? ಹಳೇ ಥರ್ಮಾಮೀಟರ್ ಒಡೆದ್ರೆ ಬೆಳ್ಳಿ ಗುಂಡು ಉರುಳಾಡ್ತದಲ್ಲ, ಅದಾ?"

"ಅದೇ."

ಸಪ್ಪಲಮ್ಮ ಜೋರಾಗಿ ನಕ್ಕಳು. "ನಲವತ್ತು ವರ್ಷದಿಂದ ಮೀನು ಕುಯ್ತಿದೀನಿ. ಒಂದ್ ದಿನಾನೂ ಬೆಳ್ಳಿ ಗುಂಡು ಸಿಕ್ಕಿಲ್ಲ. ಸಿಕ್ಕಿದ್ರೆ ಓಲೆ ಮಾಡಿಸ್ಕೊಳ್ತಿದ್ದೆ."

"ಕಣ್ಣಿಗೆ ಕಾಣೋ ಹಂಗೆ ಇರಲ್ಲಕ್ಕ. ಕೆರೆ ತಳದ ಕೆಸರಲ್ಲಿ ಸೇರ್ಕೊಂಡು ಬೇರೆ ರೂಪ ಆಗ್ಬಿಡ್ತದೆ. ಅದನ್ನ ಪಾಚಿ ಹೀರ್ಕೊಳ್ತದೆ, ಪಾಚಿನ ಹುಳ ತಿಂತದೆ, ಹುಳಾನ ಸಣ್ಣ ಮೀನು, ಸಣ್ಣ ಮೀನ್ನ ದೊಡ್ಡ ಮೀನು. ಒಂದ್ಸಲ ಮೈಗೆ ಸೇರಿದ್ರೆ ಬೇಗ ಹೋಗಲ್ಲ. ಹಂಗಾಗಿ ಮೇಲ್ ಮೇಲಕ್ಕೆ ಹೋದಷ್ಟೂ ಜಾಸ್ತಿ ಆಗ್ತಾ ಹೋಗ್ತದೆ. ನಮ್ ಕೆರೇಲಿ ಎಲ್ಲಾರ್ನೂ ನುಂಗೋನು ಯಾರು? ಕೊರಮೀನೇ ತಾನೆ?"

"ತೊಳೀತೀನಲ್ಲೇ! ಉಪ್ಪು, ಹುಣಸೆಹಣ್ಣು, ಬೂದಿ ಹಾಕಿ ಮೂರ್ ಮೂರ್ ಸಲ ತೊಳೀತೀನಿ."

"ಮೇಲಿದ್ರೆ ತೊಳದ್ರೆ ಹೋಗೋದು. ಇದು ಮಾಂಸದೊಳಗೇ ಇರ್ತದೆ. ಕುದಿಸಿದ್ರೂ ಹೋಗಲ್ಲ, ಹುರಿದ್ರೂ ಹೋಗಲ್ಲ."

"ಮುನಿಶಾಮಪ್ಪ ದಿನಾ ತಿಂತಾನೆ, ಏನಾಗೈತೆ ಅವ್ನಿಗೆ? ಗೊರಕೆ ಕೇಳಿದೀಯಾ?"

"ಭಾವನ ಮಾತು ಬೇರೆ. ಅತಿಯಾದ್ರೆ ದೊಡ್ಡೋರಿಗೂ ಕೈಕಾಲು ಜೋಮು, ನಡುಕ, ಮರೆವು ಬರ್ತದಂತೆ. ಆದ್ರೆ ಹೊಟ್ಟೇಲಿರೋ ಮಗೂಗೆ ಈಗ ಮೆದುಳು ಬೆಳೀತಿರೋ ಕಾಲ. ತಾಯಿ ತಿಂದಿದ್ದು ಹೊಕ್ಕುಳ ಬಳ್ಳೀಲಿ ಮಗೂಗೆ ಹೋಗ್ತದೆ. ಕಿವಿ, ಕಣ್ಣು, ಮಾತು, ಕಲಿಕೆ ಎಲ್ಲಾ ನಿಧಾನ ಆಗ್ಬೋದು. ಮೀನು ಬಿಡ್ಸು ಅಂತ ಹೇಳ್ತಿಲ್ಲ ನಾನು. ದೊಡ್ಡ ಕೊರಮೀನು ಬಿಡ್ಸು."

ಇಲ್ಲಿಯವರೆಗೆ ನಗುತ್ತಿದ್ದ ಸಪ್ಪಲಮ್ಮನ ಮುಖ ಗಂಟಾಯಿತು. ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

"ಅಂದ್ರೆ ನನ್ ಮಗಳಿಗೆ ನಾನೇ ವಿಷ ಇಕ್ತಿದೀನಿ ಅಂತೀಯ?"

"ಅಕ್ಕಾ..."

"ನಿನ್ ಮಗಳು ಮಮತ ಬಸುರಿಯಾಗಿದ್ದಾಗ ಇದೇ ಸಾರನ್ನ ಸೆರಗಲ್ಲಿ ಮುಚ್ಕೊಂಡು ಇಸ್ಕೊಂಡ್ ಹೋಗಿದ್ದು ಯಾರೇ? ಆವಾಗ ಇದು ಅಮೃತ, ಈಗ ಪಾದರಸ! ಎರಡು ಮೀಟಿಂಗ್ ಮಾಡಿ ಬಂದುಬಿಟ್ರೆ ಅಡುಗೆ ಹೇಳ್ಕೊಡೋದಾ ನಂಗೆ?"

ಮುನಿರತ್ನಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು.

"ಹೌದಕ್ಕ, ಇಸ್ಕೊಂಡ್ ಹೋಗಿದ್ದೆ. ನಂಗೂ ಗೊತ್ತಿರ್ಲಿಲ್ಲ. ನಿನ್ನೆ ಡಾಕ್ಟ್ರು ಹೇಳ್ತಿದ್ದಾಗ ಮಮತನ ಮಗೂನೇ ಕಣ್ಮುಂದೆ ಬಂತು ನಂಗೆ. ದೇವರು ದೊಡ್ಡೋನು, ಅದು ಚೆನ್ನಾಗೈತೆ. ಆದ್ರೆ ಗೊತ್ತಾದ್ಮೇಲೂ ನಿನ್ ಹತ್ರ ಬಾಯ್ ಮುಚ್ಕೊಂಡಿದ್ರೆ ನಾನ್ ಎಂಥಾ ಗೆಳತಿ?"

ಬಡಿಸಿದ ಮುದ್ದೆ ಹಾಗೇ ತಟ್ಟೆಯಲ್ಲಿ ಉಳಿಯಿತು. ಮೂವತ್ತು ವರ್ಷದಲ್ಲಿ ಮುನಿರತ್ನಮ್ಮ ಆ ಮನೆಯಿಂದ ಊಟ ಬಿಟ್ಟು ಹೋಗಿದ್ದು ಅದೇ ಮೊದಲು. ಸಪ್ಪಲಮ್ಮ ಸಿಟ್ಟಿನಲ್ಲೇ ಆ ತಟ್ಟೆಯನ್ನು ನಾಯಿಗೆ ಹಾಕಲು ಹೊರಟು, ಯಾಕೋ ಮನಸ್ಸು ಬರದೆ ಮುಚ್ಚಿಟ್ಟಳು.

ಎರಡು ದಿನ ಕಳೆಯಿತು. ಅವತ್ತು ಬೆಳಗ್ಗೆ ಮುನಿಶಾಮಪ್ಪ ಮತ್ತೆ ಒಂದು ಕೊರಮೀನು ತಂದು ಕಲ್ಲಿನ ಹತ್ತಿರ ಹಾಕಿ ಹಾಲಿನ ಡೇರಿಗೆ ಹೋದ. ಎರಡೂವರೆ ಕೆಜಿ ಇದ್ದೀತು. ಸಪ್ಪಲಮ್ಮ ಈಳಿಗೆ ಮಣೆ ಮುಂದಿಟ್ಟುಕೊಂಡು ಕುಳಿತಳು. ಹೊಟ್ಟೆ ಸೀಳಿದಾಗ ಒಳಗೆ ಅರ್ಧ ಕರಗಿದ ಒಂದು ಜಿಲೇಬಿ ಮೀನು, ಬೆರಳುದ್ದದ ಪಕ್ಕೆ ಮೀನು ನಾಲ್ಕು ಇದ್ದವು. ಇದೇನು ಹೊಸದಲ್ಲ. ಕೊರಮೀನಿನ ಹೊಟ್ಟೆಯಲ್ಲಿ ಏನಿರುತ್ತದೆ ಎಂದು ಅವಳಿಗೆ ಹೇಳಿಕೊಡುವವರಿಲ್ಲ. ಸಾವಿರ ಸಲ ಅದನ್ನು ಬಳಿದು ಕಾಗೆಗೆ ಎಸೆದಿದ್ದಾಳೆ.

ಅವತ್ತು ಮಾತ್ರ ಎಸೆಯಲಿಲ್ಲ. ಆ ಜಿಲೇಬಿ ಮೀನಿನ ಹೊಟ್ಟೆಯನ್ನೂ ಸೀಳಿ ನೋಡಿದಳು. ಕಪ್ಪು ಕೆಸರು, ಹುಳ, ಪಾಚಿಯ ಉಂಡೆ. ಪಾಚಿನ ಹುಳ ತಿಂತದೆ, ಹುಳಾನ ಸಣ್ಣ ಮೀನು ತಿಂತದೆ ಎಂದು ಮುನಿರತ್ನಮ್ಮ ಹೇಳಿದ್ದು ಯಾವುದೋ ಪುಸ್ತಕದ ಮಾತಾಗಿರಲಿಲ್ಲ. ಎಲ್ಲ ಇಲ್ಲೇ ಕೈಗೆ ಅಂಟಿಕೊಂಡಿತ್ತು. ಇದು ಒಂದು ದಿನದ ಊಟ. ಎರಡೂವರೆ ಕೆಜಿ ಆಗಬೇಕಾದರೆ ಈ ಮೀನು ಇಂಥ ಎಷ್ಟು ಊಟ ಮಾಡಿರಬೇಕು? ಅವಳ ಕೈ ಅಲ್ಲಿಗೇ ನಿಂತಿತು.

ಆಗ ಇನ್ನೊಂದು ವಿಷಯ ನೆನಪಾಯಿತು. ಆಯುಧಪೂಜೆಗೆ ಮನೆ ಗುಡಿಸಿದಾಗ ಕೆಟ್ಟ ಟ್ಯೂಬ್‌ಲೈಟುಗಳನ್ನು ತಿಪ್ಪೆಗೆ ಹಾಕಿದರೆ ಮಕ್ಕಳ ಕಾಲಿಗೆ ಚುಚ್ಚುತ್ತದೆ ಎಂದು ಊರಿನವರೆಲ್ಲ ಕೆರೆಗೆ ಎಸೆಯುತ್ತಿದ್ದರು. ನೀರಿಗೆ ಬಿದ್ದರೆ ಮುಳುಗಿ ಹೋಗುತ್ತದೆ, ಯಾರಿಗೂ ತೊಂದರೆಯಿಲ್ಲ ಎಂಬುದು ಎಲ್ಲರ ಲೆಕ್ಕ. ಸಪ್ಪಲಮ್ಮನೂ ಕಳೆದ ಸಲ ಎರಡು ಎಸೆದು, ಪುಣ್ಯದ ಕೆಲಸ ಮಾಡಿದವಳಂತೆ ಕೈ ತೊಳೆದುಕೊಂಡು ಬಂದಿದ್ದಳು. ಆ ಟ್ಯೂಬಿನೊಳಗೆ ಏನಿರುತ್ತದೆ ಎಂದು ಅವಳು ಯಾವತ್ತೂ ಕೇಳಿರಲಿಲ್ಲ.

"ಅಮ್ಮಾ, ಇವತ್ತೂ ಅದೇನಾ?"

ಮೋನಿಷಾ ಬಾಗಿಲ ಹತ್ತಿರ ಸೊಂಟಕ್ಕೆ ಕೈಕೊಟ್ಟುಕೊಂಡು ನಿಂತಿದ್ದಳು. ಅವಳ ಕಣ್ಣು ಮೀನಿನ ಮೇಲಿತ್ತು.

"ಯಾಕೆ, ಬೇಜಾರಾಗೈತಾ?"

"ಅದಲ್ಲಮ್ಮ." ಮಗಳು ಸ್ವಲ್ಪ ತಡೆದಳು. "ಅವತ್ತು ಮುನಿರತ್ನಮ್ಮತ್ತೆ ಹೇಳಿದ್ದು ನಂಗೂ ಕೇಳಿಸ್ತು. ನಾನ್ ನಿದ್ದೆ ಮಾಡ್ತಿರ್ಲಿಲ್ಲ."

"ಮತ್ತೆ ಮೊನ್ನೆ ರಾತ್ರಿ ಅದೇ ಸಾರಲ್ಲಿ ಉಂಡ್ಯಲ್ಲೇ?"

"ನೀನು ಅಷ್ಟು ಕಷ್ಟಪಟ್ಟು ಮಾಡಿದೀಯ. ಬೇಡ ಅಂದ್ರೆ ನಿನ್ ಮನಸ್ಸು ನೋಯುತ್ತೆ ಅಂತ ತಿಂದೆ. ತಿನ್ನೋವಾಗ ಭಯ ಆಗ್ತಿತ್ತಮ್ಮ."

ಸಪ್ಪಲಮ್ಮನಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಹೊಟ್ಟೆಯಲ್ಲಿರುವ ಮಗುವಿಗೆ ಏನಾಗುತ್ತದೋ ಎಂದು ಹೆದರಿಕೊಂಡೇ, ತನ್ನ ಮುಖ ನೋಡಿ ಮಗಳು ತುತ್ತು ನುಂಗಿದ್ದಾಳೆ. ಇಂಥ ಊಟವನ್ನು ಯಾವ ತಾಯಿ ತಾನೆ ಬಡಿಸುತ್ತಾಳೆ? ಅವಳು ಅಲ್ಲೇ ಕುಳಿತು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಕೈ ತೊಳೆದು, ಅವತ್ತಿಗೆ ಸೊಪ್ಪಿನ ಸಾರು ಮಾಡುತ್ತೇನೆ ಎಂದು ಮಗಳಿಗೆ ಹೇಳಿ, ಚಪ್ಪಲಿಯನ್ನೂ ಮೆಟ್ಟದೆ ಮುನಿರತ್ನಮ್ಮನ ಮನೆಗೆ ಹೋದಳು.

ಮುನಿರತ್ನಮ್ಮ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಬಾ ಎಂದೂ ಹೇಳದೆ ಒಂದು ಮಣೆ ಸರಿಸಿದಳು. ಸಪ್ಪಲಮ್ಮ ಕುಳಿತು, ತಾನೂ ಒಂದು ಹಿಡಿ ಅವರೆಕಾಯಿ ಎಳೆದುಕೊಂಡಳು. ಅವರಿಬ್ಬರ ಜಗಳ ಹೀಗೇ ಮುಗಿಯುವುದು.

"ಮೂರ್ ವಾರದಿಂದ ತಿನ್ನಿಸ್ಬಿಟ್ಟಿದೀನಿ ಕಣೆ. ಮಗೂಗೆ ಏನಾದ್ರೂ ಆಗಿದ್ರೆ?" ಎಂದಳು ಸಪ್ಪಲಮ್ಮ.

"ಹೆದರ್ಕೋಬೇಡಕ್ಕ. ನಾಲ್ಕು ದಿನ ತಿಂದ ತಕ್ಷಣ ಹಿಂಗೇ ಆಗೋಗ್ತದೆ ಅಂತ ಯಾರೂ ಹೇಳಲ್ಲ. ನಿಲ್ಲಿಸಿದ್ರೆ ಮೈಯಿಂದ ನಿಧಾನಕ್ಕೆ ಹೋಗ್ತದೆ. ಸುಮಾರು ಎರಡು ತಿಂಗಳಿಗೆ ಅರ್ಧ ಇಳೀತದಂತೆ. ಅದಕ್ಕೇ ಇವತ್ತೇ ನಿಲ್ಲಿಸ್ಬೇಕು ಅನ್ನೋದು. ನಾಳೆ ಡಾಕ್ಟ್ರಮ್ಮನ ಹತ್ರ ಹೋಗಿ ಎಲ್ಲಾ ಹೇಳೋಣ, ನಾನೂ ಬರ್ತೀನಿ."

"ಮೀನೇ ಬೇಡ ಅಂತಾರಾ ಅವ್ರು?"

"ಅಯ್ಯೋ, ಹಂಗ್ ಮಾಡ್ಬೇಡ. ಮೀನು ಬಸುರೀಗೆ ಒಳ್ಳೇದು, ಮಗೂನ ಮೆದುಳಿಗೂ ಒಳ್ಳೇದು. ಸಣ್ಣದು ಕೊಡು. ಡಾಕ್ಟ್ರಮ್ಮ ನಮ್ ಕೆರೆಗೆ ಒಂದ್ ಲೆಕ್ಕ ಹೇಳಿದಾರೆ. ಅಂಗೈ ಮೇಲೆ ಇಟ್ರೆ ಅಂಗೈ ದಾಟಬಾರ್ದು. ಪಕ್ಕೆ, ಮರಿ ಜಿಲೇಬಿ, ಸೀಗಡಿ. ಅವು ವಯಸ್ಸಲ್ಲಿ ಚಿಕ್ಕವು, ಬೇರೆ ಮೀನು ನುಂಗಲ್ಲ, ಮೈಯಲ್ಲಿ ಅಷ್ಟು ಸೇರಿರಲ್ಲ. ಸಾಕಿದ ರೋಹು, ಕಾಟ್ಲಾನೂ ನಡೀತದೆ. ಅವು ಬೇಟೆ ಆಡೋ ಮೀನಲ್ಲ."

"ಪಾದರಸ ಕೆರೆಗೆ ಹೆಂಗ್ ಬಂತು? ನಾವ್ ಎಸೆದ ಟ್ಯೂಬ್‌ಲೈಟಿಂದಾನಾ?"

ಮುನಿರತ್ನಮ್ಮ ತಲೆ ಎತ್ತಿ ನೋಡಿದಳು. "ಅದೂ ಒಂದು. ಟ್ಯೂಬ್‌ಲೈಟು, ಸುರುಳಿ ಬಲ್ಬು, ಥರ್ಮಾಮೀಟರು ಒಳಗೆ ಪಾದರಸ ಇರ್ತದೆ. ಕಸ ಸುಟ್ಟ ಹೊಗೇಲಿ ಬರ್ತದೆ, ಎಲ್ಲೋ ದೂರದಲ್ಲಿ ಕಲ್ಲಿದ್ದಲು ಸುಟ್ರೂ ಹೊಗೇಲಿ ಹಾರಿ ಮಳೆ ಜೊತೆ ಬೀಳ್ತದೆ. ಎಲ್ಲಾನೂ ನಾವ್ ತಡೆಯಕ್ಕಾಗಲ್ಲ. ನಮ್ ಕೈಯಲ್ಲಿರೋದನ್ನ ತಡೀಬೋದು."

ಸಪ್ಪಲಮ್ಮ ಉಳಿದ ಅವರೆಕಾಯಿಯನ್ನೂ ಬಿಡಿಸಿಕೊಟ್ಟಳು. ಹೊರಡುವಾಗ, "ಅವತ್ತು ಊಟ ಬಿಟ್ಟು ಬಂದ್ಯಲ್ಲ, ಇನ್ನೊಂದ್ಸಲ ಹಂಗ್ ಮಾಡಿದ್ರೆ ಕಾಲ್ ಮುರೀತೀನಿ," ಎಂದಳು.

ಮುಂದೆ ಕೆರೆ ಬೇಟೆಯ ದಿನ ಬಂತು. ಯುಗಾದಿಯ ಹೊಸ ಬಟ್ಟೆ ಇನ್ನೂ ಮಡಿಕೆ ಬಿಟ್ಟಿರಲಿಲ್ಲ, ಅಷ್ಟರಲ್ಲಿ ಗಂಡಸರು ಹೆಂಗಸರು ಎನ್ನದೆ ಊರೆಲ್ಲ ಕೆಸರಾಗಿತ್ತು. ಹನ್ನೊಂದು ಗಂಟೆಗೆ ಕೆರೆಯ ನಡುವಿನಿಂದ ದೊಡ್ಡ ಕೂಗು ಎದ್ದಿತು. ಅಶೋಕ್ ಮತ್ತು ಕೆಂಪರಾಜ್ ಸೇರಿ ಎಳೆದ ಬಲೆಯಲ್ಲಿ ಆರು ಕೆಜಿಯ ಕೊರಮೀನು ಬಿದ್ದಿತ್ತು. ಅಷ್ಟು ದೊಡ್ಡದನ್ನು ಹತ್ತು ವರ್ಷದಿಂದ ಯಾರೂ ಕಂಡಿರಲಿಲ್ಲ.

ಕೆರೆ ಸಂಘದ ಹಿರಿಯ ಅಪ್ಪಯ್ಯಣ್ಣ. ಕೆಂಪರಾಜ್ ಅವನ ಮಗ. ಅಪ್ಪಯ್ಯಣ್ಣ ಪಂಚೆ ಮೇಲಕ್ಕೆ ಕಟ್ಟಿ, ಮೀನನ್ನು ಮಂಕರಿಯಲ್ಲಿ ಮಲಗಿಸಿ, ಏರಿಯ ಮೇಲೆ ನಿಂತಿದ್ದ ಸಪ್ಪಲಮ್ಮನ ಮುಂದೆ ತಂದಿಡಿಸಿದ.

"ತಗೋಳಮ್ಮ ಸಪ್ಪಲಮ್ಮ. ನಿನ್ ಮೊಮ್ಮಗನ ಪಾಲು. ನಿನ್ ಮಗನ ಬಲೇಗೇ ಬಿದ್ದೈತೆ, ಇನ್ನೇನ್ ಬೇಕು?"

ಸಪ್ಪಲಮ್ಮ ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದಳು. ಸಭೆಯಲ್ಲಿ ಮಾತಾಡಿ ಅವಳಿಗೆ ಅಭ್ಯಾಸವಿಲ್ಲ. ಮೆತ್ತಗೆ ಬೇಡ ಎಂದು ಹೇಳಿ ಮನೆ ಸೇರಿಬಿಟ್ಟರಾಯಿತು ಎಂದುಕೊಂಡಿದ್ದಳು. ಹಾಗೇ ಕೈಮುಗಿದಳು.

"ಬೇಡಣ್ಣ. ಈ ಸಲ ನಮ್ ಮನೆಗೆ ಬೇಡ."

ಏರಿಯ ಮೇಲೆ ಗುಸುಗುಸು ಎದ್ದಿತು. ಅಪ್ಪಯ್ಯಣ್ಣನ ಮುಖ ಚಿಕ್ಕದಾಯಿತು. "ಮಂಕರಿ ಬೇಡ ಅಂದೋರು ಇಲ್ಲೀಗಂಟ ಯಾರೂ ಇಲ್ಲ ಕಣಮ್ಮ. ಹುಡ್ಗಿಗೆ ಒಳ್ಳೇದಲ್ಲ."

"ಇರ್ಲಿ ಅಣ್ಣ. ಬೇಡ."

"ನಿನ್ನಿಷ್ಟ. ಎತ್ರಪ್ಪಾ ಮಂಕರಿನ. ಮುಂದಿನ ಬಸುರಿ ಮನೆಗೆ ನಡೀರಿ. ನಮ್ ವಾಣಿಶ್ರೀಗೇ ಐದು ತಿಂಗ್ಳು."

ವಾಣಿಶ್ರೀ ಕೆಂಪರಾಜನ ಹೆಂಡತಿ, ಅಪ್ಪಯ್ಯಣ್ಣನ ಸೊಸೆ. ಬೇವಿನ ಮರದ ನೆರಳಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ತನ್ನ ಹೆಸರು ಕೇಳಿದ ಕೂಡಲೇ ಮುಖ ಅರಳಿ, ಸೆರಗು ಹೊದ್ದು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಮೊದಲ ಬಸುರಿನ ಹುಡುಗಿ. ಮೋನಿಷಾಳಿಗಿಂತ ಒಂದೆರಡು ವರ್ಷ ಚಿಕ್ಕವಳಿರಬಹುದು.

ಮಂಕರಿ ಮೇಲೆದ್ದಿತು. ಸಪ್ಪಲಮ್ಮನ ಮನೆಯ ದಾರಿ ಖಾಲಿಯಿತ್ತು. ಹೊರಟುಬಿಡಬಹುದಿತ್ತು. ತನ್ನ ಮಗಳು ಪಾರಾದಳು, ಇನ್ನೇನು? ಆದರೆ ಕಾಲು ಮುಂದಕ್ಕೆ ಹೋಗಲಿಲ್ಲ. ಗೊತ್ತಾದ್ಮೇಲೂ ಬಾಯ್ ಮುಚ್ಕೊಂಡಿದ್ರೆ ಎಂದು ಅವತ್ತು ಮುನಿರತ್ನಮ್ಮ ಹೇಳಿದ ಮಾತು ಕಿವಿಯಲ್ಲಿ ಕುಳಿತಿತ್ತು. ಇದ್ದಷ್ಟು ದನಿ ಎತ್ತಿ ಕೂಗಿದಳು.

"ನಿಲ್ರಪ್ಪಾ! ಅದನ್ನ ಆ ಹುಡ್ಗೀಗೂ ಕೊಡ್ಬೇಡಿ!"

ಎಲ್ಲರೂ ತಿರುಗಿ ನೋಡಿದರು. ಗುಂಪಿನಲ್ಲಿದ್ದ ಮುನಿರತ್ನಮ್ಮ ಅವಳ ಪಕ್ಕಕ್ಕೆ ಬಂದು ನಿಂತಳೇ ಹೊರತು ಬಾಯಿ ಹಾಕಲಿಲ್ಲ. ಸಪ್ಪಲಮ್ಮ ಸಂಕ್ರಾಂತಿಗೆ ಬಂದ ಹುಡುಗಿಯರಿಂದ ಹಿಡಿದು, ಮೀನಿನ ಹೊಟ್ಟೆಯಲ್ಲಿ ಕಂಡದ್ದರವರೆಗೆ ಎಲ್ಲವನ್ನೂ ಹಿಂದುಮುಂದಾಗಿಯೇ ಹೇಳಿದಳು.

ಅಪ್ಪಯ್ಯಣ್ಣ ಕೋಪದಿಂದ, "ಆ ಕಾಗ್ದ ನನ್ ಹತ್ರಾನೂ ಬಂದಿತ್ತು. ಇಂಗ್ಲಿಷಲ್ಲಿತ್ತು, ಮಡಚಿಟ್ಟೆ. ಅಷ್ಟು ಸಣ್ಣ ಹುಡ್ಗೀರು ಹೇಳ್ಬಿಟ್ರೆ ನಮ್ ಹಿರೀಕರೆಲ್ಲಾ ದಡ್ಡರಾಗೋದ್ರಾ?" ಎಂದ.

"ಹಿರೀಕರು ದಡ್ಡರಲ್ಲಣ್ಣ. ಅವ್ರ ಕಾಲದಲ್ಲಿ ಈ ಕೆರೆಗೆ ಟ್ಯೂಬ್‌ಲೈಟ್ ಎಸೆಯೋರು ಇರ್ಲಿಲ್ಲ. ನಾನೇ ಎಸೆದಿದೀನಿ, ನೀನೂ ಎಸೆದಿದೀಯ." ಸಪ್ಪಲಮ್ಮನ ದನಿ ಈಗ ಗಟ್ಟಿಯಾಗಿತ್ತು. "ಸೀಮಂತದಲ್ಲಿ ಮಡಿಲು ತುಂಬ್ತೀವಲ್ಲ, ಮನೆಗೊಂದ್ ಹಿಡಿ ಅಕ್ಕಿ. ಒಂದ್ ಹಿಡಿ ಯಾರಿಗೂ ಭಾರ ಅಲ್ಲ. ಊರೋರೆಲ್ಲಾ ಹಾಕಿದ್ರೆ ಹುಡ್ಗಿ ಎದ್ದೇಳಕ್ಕಾಗಲ್ಲ. ಈ ಮೀನಿನ ಮಡಿಲೂ ಹಂಗೇ ಅಣ್ಣ. ಹುಳ ಒಂದ್ ಹಿಡಿ ಹಾಕ್ತು, ಪಕ್ಕೆ ಒಂದ್ ಹಿಡಿ ಹಾಕ್ತು, ಜಿಲೇಬಿ ಒಂದ್ ಹಿಡಿ ಹಾಕ್ತು. ಇಷ್ಟು ವರ್ಷ ತುಂಬುಸ್ಕೊಂಡು ಕೂತೈತೆ. ಈಗ ಅದನ್ನೆಲ್ಲಾ ಒಂದೇ ಸಲ ಎತ್ತಿ ನಮ್ ಹೆಣ್ಮಕ್ಳ ಮಡಿಲಿಗೆ ಸುರೀತಿದೀವಿ. ಹಿರೀಕರು ಮಂಕರಿ ಕೊಟ್ಟಿದ್ದು ಯಾಕೆ? ಹೊಟ್ಟೇಲಿರೋ ಕೂಸು ಚೆನ್ನಾಗಿರ್ಲಿ ಅಂತ ತಾನೆ? ನಾನೂ ಅದಕ್ಕೇ ಬೇಡ ಅಂತಿರೋದು."

ವಾಣಿಶ್ರೀ ನಿಧಾನವಾಗಿ ನೆರಳಿನಿಂದ ಆಚೆ ಬಂದಳು. ಮಾವನ ಎದುರು ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಮಾವ, ನಂಗೂ ಬೇಡ."

ಅಪ್ಪಯ್ಯಣ್ಣ ಸೊಸೆಯನ್ನು ನೋಡಿದ, ಅವಳ ಹೊಟ್ಟೆಯ ಮೇಲಿದ್ದ ಕೈಯನ್ನು ನೋಡಿದ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ಹಂಗಾದ್ರೆ ಮಂಕರಿ ಖಾಲಿ ಕಳಿಸೋದಾ? ಅದಂತೂ ಆಗಲ್ಲ," ಎಂದ. ಹಠ ಇನ್ನೂ ಇತ್ತು, ಕೋಪ ಇರಲಿಲ್ಲ.

"ಖಾಲಿ ಯಾಕಣ್ಣ?" ಎಂದಳು ಮುನಿರತ್ನಮ್ಮ. "ಅಂಗೈ ದಾಟದ ಮೀನು ಎಲ್ಲಾರ ಬಲೇಲೂ ಐತಲ್ಲ. ಮನೆಗೊಂದ್ ಹಿಡಿ ಹಾಕಿ."

ಮೊದಲ ಹಿಡಿ ಹಾಕಿದವನು ಕೆಂಪರಾಜ್. ಆಮೇಲೆ ಒಬ್ಬೊಬ್ಬರೇ ಬಂದರು. ಬೆಳ್ಳಗೆ ಮಿಂಚುವ ಪಕ್ಕೆ ಮೀನು ಎರಡು ಮಂಕರಿ ತುಂಬಿ, ಒಂದು ಮೋನಿಷಾಳಿಗೆ, ಇನ್ನೊಂದು ವಾಣಿಶ್ರೀಗೆ ಹೋಯಿತು. ಆ ಆರು ಕೆಜಿಯ ಕೊರಮೀನನ್ನು ಮುನಿರತ್ನಮ್ಮ ಐಸ್ ಡಬ್ಬದಲ್ಲಿಟ್ಟು ಪರೀಕ್ಷೆಗೆ ಕಳಿಸಿದಳು. "ಗಂಡಸ್ರಿಗಾದ್ರೂ ಒಂದ್ ತುಂಡು ಕೊಡ್ರೇ" ಎಂದು ಗೋಗರೆದ ಮುನಿಶಾಮಪ್ಪನಿಗೆ ಸಿಕ್ಕಿದ್ದು ಹೆಂಡತಿಯ ಒಂದು ನೋಟ ಮಾತ್ರ. ಆ ವಾರವೇ ಪಂಚಾಯಿತಿ ಕಟ್ಟಡದ ಮೂಲೆಯಲ್ಲಿ ಒಂದು ಡ್ರಮ್ಮು ಬಂದು ಕುಳಿತಿತು. ಅದರ ಮೇಲೆ ಅಪ್ಪಯ್ಯಣ್ಣನೇ ನಿಂತು ಬರೆಸಿದ್ದ: ಕೆಟ್ಟ ಟ್ಯೂಬ್‌ಲೈಟ್, ಬಲ್ಬು ಒಡೆಯದೆ ಇಲ್ಲಿ ಹಾಕಿ, ಕೆರೆಗೆ ಅಲ್ಲ.

ಮೋನಿಷಾಳಿಗೆ ಹೆಣ್ಣು ಮಗು ಹುಟ್ಟಿತು. ಎರಡು ಕೆಜಿ ಒಂಬೈನೂರು ಗ್ರಾಂ ಎಂದು ಮುನಿರತ್ನಮ್ಮ ಓಡಿ ಬಂದು ಹೇಳಿದಳು. ತೂಕಕ್ಕಾಗಿ ಇಷ್ಟು ವರ್ಷ ಹಂಬಲಿಸಿದ ಸಪ್ಪಲಮ್ಮ ಕೇಳಿದ್ದು ಬೇರೆ.

"ತಲೆ ಚೆನ್ನಾಗಿರ್ತದೆ ತಾನೆ? ಮಾತು, ಕಿವಿ ಎಲ್ಲಾ?"

"ಅದು ಇವತ್ತೇ ಗೊತ್ತಾಗಲ್ಲಕ್ಕ. ನಗೋದು, ಕತ್ತು ನಿಲ್ಲಿಸೋದು, ಅಮ್ಮ ಅನ್ನೋದು, ಒಂದೊಂದೇ ನೋಡ್ಬೇಕು. ಕಾರ್ಡಲ್ಲಿ ಬರೀತಾ ಹೋಗ್ತೀನಿ. ನಾವ್ ಮಾಡೋದನ್ನ ಮಾಡಿದೀವಿ."

ಮೂರನೆಯ ತಿಂಗಳು. ಸಪ್ಪಲಮ್ಮ ಪಕ್ಕೆ ಮೀನಿನ ಸಾರು ಕುದಿಸುತ್ತಾ ಸೌಟನ್ನು ಪಾತ್ರೆಯ ಅಂಚಿಗೆ ಟಣ್ಣೆಂದು ತಟ್ಟಿದಳು. ಚಾಪೆಯ ಮೇಲಿದ್ದ ಮಗು ಸದ್ದು ಬಂದ ಕಡೆಗೆ ತಲೆ ಹೊರಳಿಸಿ, ಅವಳನ್ನು ನೋಡಿ ನಕ್ಕಿತು. ಸಪ್ಪಲಮ್ಮ ಇನ್ನೊಮ್ಮೆ ತಟ್ಟಿದಳು. ಮಗು ಇನ್ನೊಮ್ಮೆ ನಕ್ಕಿತು. ಅವತ್ತು ಸಾರು ತಳ ಹತ್ತಿತು, ಆದರೂ ಎಲ್ಲರೂ ಚಪ್ಪರಿಸಿ ಉಂಡರು.

ಇದನ್ನು ಓದುತ್ತಿರುವ, ಸಂಘದಲ್ಲಿ ಕುಳಿತು ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮೀನು ಬಿಡಬೇಡಿ. ಮೀನು ಒಳ್ಳೆಯ ಊಟ. ಆದರೆ ನಿಮ್ಮ ಮನೆಯಲ್ಲಿ ಬಸುರಿ, ಬಾಣಂತಿ, ಎಳೆ ಮಕ್ಕಳು ಇದ್ದರೆ ಬೇರೆ ಮೀನನ್ನು ನುಂಗಿ ಬೆಳೆದ ದೊಡ್ಡ ಮೀನನ್ನು ಅವರ ತಟ್ಟೆಗೆ ಹಾಕಬೇಡಿ, ಸಣ್ಣ ಮೀನು ಕೊಡಿ. ತೊಳೆದರೆ, ಕುದಿಸಿದರೆ ಪಾದರಸ ಹೋಗುತ್ತದೆ ಎಂದು ನಂಬಬೇಡಿ. ಕೆಟ್ಟ ಟ್ಯೂಬ್‌ಲೈಟು, ಬಲ್ಬು, ಥರ್ಮಾಮೀಟರನ್ನು ಒಡೆಯಬೇಡಿ, ಸುಡಬೇಡಿ, ನೀರಿಗೆ ಎಸೆಯಬೇಡಿ. ಬೇರೆಯಾಗಿ ಎತ್ತಿಟ್ಟು ಪಂಚಾಯಿತಿಯ ಕಸದ ಗಾಡಿಗೆ ಹೇಳಿ ಕೊಡಿ. ನಿಮ್ಮ ಕೆರೆಯ ಮೀನು ಹೇಗಿದೆ ಎಂದು ತಿಳಿಯದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು, ಮೀನುಗಾರಿಕೆ ಇಲಾಖೆಯವರನ್ನು ಕೇಳಿ. ಕೇಳಿದರೆ ಯಾರೂ ಚಿಕ್ಕವರಾಗುವುದಿಲ್ಲ.

ಇನ್ನೊಂದು ಮಾತಿದೆ, ಅದನ್ನೂ ನಿಮಗೆ ಹೇಳಲೇಬೇಕು ಎಂದಳು ಸಪ್ಪಲಮ್ಮ. ದೊಡ್ಡ ಮೀನು ಬೇಡ ಎಂದು ನೀವು ಹೇಳಿದ ಮೇಲೆ ಸುಮ್ಮನೆ ಮನೆಗೆ ಹೋಗಬೇಡಿ. ತಿರುಗಿ ನಿಂತು, ಆ ಮಂಕರಿ ಈಗ ಯಾರ ಮನೆಯ ಕಡೆಗೆ ಹೊರಟಿದೆ ಎಂದು ನೋಡಿ.